127 ಹಲ್ಲಿನ ಗೇರ್, ತೆಗೆಯಬಾರದ ಹಾಫ್ ನಟ್

ಟೂಲ್ ಹೊತ್ತ ಕ್ಯಾರೇಜನ್ನು ಎಳೆಯುವ ಲೀಡ್ ಸ್ಕ್ರೂನಲ್ಲಿ ಇಂಚಿಗೆ 4 ಥ್ರೆಡ್ ಇರುವ ಹಳೇ ಲೇತ್‌ನಲ್ಲಿ ಎಂ16×2 ಥ್ರೆಡ್ (ವ್ಯಾಸ 16 ಮಿ.ಮೀ., ಪಿಚ್ ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ದೂರ 2 ಮಿ.ಮೀ.) ಹಾಕಬೇಕು ಅಂದುಕೊಳ್ಳಿ. ಸ್ಕ್ರೂ ಪಿಚ್ 6.35 ಮಿ.ಮೀ., ನಮಗೆ ಬೇಕಾದ್ದು 2. ಜಾಬ್ (ಕೆಲಸದ ತುಂಡು) ತಿರುಗಿಸುವ ಸ್ಪಿಂಡಲ್ ಮತ್ತು ಗೇರ್ ಸಾಲಿನ ಮೊದಲ ಗೇರ್ ಕೂರುವ ಸ್ಟಡ್ ಒಂದೇ ವೇಗದಲ್ಲಿ ತಿರುಗುವುದಾದರೆ ಲೆಕ್ಕ 40/127: ಸ್ಟಡ್ ಮೇಲೆ 40 ಹಲ್ಲು, ಲೀಡ್ ಸ್ಕ್ರೂ ಮೇಲೆ 127. ಇವೆರಡನ್ನೂ ಬರೀ ಜೋಡಿಸುವ ನಡುವಿನ ಗೇರ್ ಐಡ್ಲರ್‌ಗೆ ಎಷ್ಟು ಹಲ್ಲಿದ್ದರೂ ಲೆಕ್ಕ ಕೆಡುವುದಿಲ್ಲ. 127 ಸಿಗಲಿಲ್ಲವೆಂದು 20/63 ಅನುಪಾತ ಹಾಕುವವರಿದ್ದಾರೆ. ಆಗ ಪಿಚ್ 2.016 ಬರುತ್ತದೆ, ಹತ್ತು ಸುತ್ತಿಗೆ 0.16 ಮಿ.ಮೀ. ತಪ್ಪು. ತೆಳು ನಟ್ ಹೇಗೋ ಹತ್ತೀತು, ಉದ್ದದ ನಟ್ ಅರ್ಧದಲ್ಲೇ ಕಚ್ಚಿಕೊಳ್ಳುತ್ತದೆ. ಅಳತೆ ಮುಖ್ಯವಾದ ಕೆಲಸಕ್ಕೆ 127 ಹುಡುಕಿ ತಂದೇ ಹಾಕಿ.

ಮೇನ್ ಸ್ವಿಚ್ ಆಫ್ ಮಾಡಿ ಗೇರ್ ಜೋಡಿಸಿ. ಹಲ್ಲುಗಳ ನಡುವೆ ನ್ಯೂಸ್‌ಪೇಪರ್ ಚೂರು ಸಿಕ್ಕಿಸಿ, ಒತ್ತಿ ಹಿಡಿದು ಬೋಲ್ಟ್ ಬಿಗಿ ಮಾಡಿ, ಜಾಬ್ ಹಿಡಿಯುವ ಚಕ್ ಕೈಯಲ್ಲಿ ತಿರುಗಿಸಿ. ಕಾಗದ ಹರಿಯದೆ ಬರೀ ಮಡಿಕೆ ಬಿದ್ದು ಹೊರಬಂದರೆ ಸಂದು ಸರಿಯಾಗಿದೆ. ಹರಿದು ಬಂದರೆ ತೀರಾ ಬಿಗಿ.

ಜಾಬ್ 15.85ಕ್ಕೆ ಟರ್ನ್ ಮಾಡಿ, ಥ್ರೆಡ್ ಮುಗಿಯುವ ಕಡೆ 13 ಮಿ.ಮೀ. ವ್ಯಾಸದ, 6 ಮಿ.ಮೀ. ಅಗಲದ ಗ್ರೂವ್ ಹಾಕಿ. 60 ಡಿಗ್ರಿ ಟೂಲ್‌ನ ತುದಿ ಸೆಂಟರ್ ಎತ್ತರಕ್ಕೇ ಇರಲಿ, ಸೆಂಟರ್ ಗೇಜ್ (60 ಡಿಗ್ರಿ ಕಚ್ಚು ಇರುವ ಚಪ್ಪಟೆ ಅಳತೆಪಟ್ಟಿ) ಹಿಡಿದು ನೇರ ಮಾಡಿ. ಥ್ರೆಡ್ ಸುಮಾರು ಎರಡೂವರೆ ಡಿಗ್ರಿ ಓರೆಯಾಗಿ ಓಡುವುದರಿಂದ ಚಕ್ ಕಡೆಯ ಮಗ್ಗುಲಿಗೆ ಅಷ್ಟು ಹೆಚ್ಚು ಕ್ಲಿಯರೆನ್ಸ್ ಬೇಕು. ಇಲ್ಲದಿದ್ದರೆ ಟೂಲ್ ಉಜ್ಜಿ ಥ್ರೆಡ್ ಹರಿದ ಹಾಗೆ ಕಾಣುತ್ತದೆ.

ಕಾಂಪೌಂಡನ್ನು (ಟೂಲ್ ಕೂರುವ, ಓರೆಗೆ ತಿರುಗಿಸಬಹುದಾದ ಮೇಲಿನ ಸ್ಲೈಡ್) ಕ್ರಾಸ್ ಸ್ಲೈಡ್ (ಬೆಡ್‌ಗೆ ಅಡ್ಡಲಾಗಿ ಸಾಗುವ ಸ್ಲೈಡ್) ದಿಕ್ಕಿನಿಂದ 29.5 ಡಿಗ್ರಿ ತಿರುಗಿಸಿ. ಇಲ್ಲೇ ತುಂಬಾ ಜನ ಎಡವುವುದು: ಕೆಲವು ಲೇತ್‌ಗಳಲ್ಲಿ ಸೊನ್ನೆ ಗುರುತು ಬೆಡ್ ದಿಕ್ಕಿಗಿರುತ್ತದೆ, ಅಲ್ಲಿ ಓದಬೇಕಾದ್ದು 60.5.

ವೇಗ ತಗ್ಗಿಸುವ ಬ್ಯಾಕ್ ಗೇರ್ ಹಾಕಿ, 60 ಆರ್‌ಪಿಎಂ ಸಾಕು. ಮೊದಲು ಬರೀ ಗೀರು ಎಳೆದು ಸ್ಕೇಲ್ ಇಡಿ: ಹತ್ತು ಪಿಚ್ ಸರಿಯಾಗಿ 20 ಮಿ.ಮೀ. ಬರಬೇಕು. ಆಮೇಲೆ ಕಾಂಪೌಂಡ್‌ನಿಂದ 0.2, ಮುಂದೆ 0.1, ಕೊನೆಗೆ 0.05 ಕೊಡುತ್ತಾ ಹೋಗಿ. ಆಳ 1.23 ಅಂದರೆ ಕಾಂಪೌಂಡ್ ಓಟ 1.41. ಕೊನೆಯಲ್ಲಿ ಫೀಡ್ ಕೊಡದೆ ಎರಡು ಸಲ ಓಡಿಸಿ.

ಇಂಚಿನ ಸ್ಕ್ರೂನಲ್ಲಿ ಮೆಟ್ರಿಕ್ ಥ್ರೆಡ್ ಮುಗಿಯುವ ತನಕ ಹಾಫ್ ನಟ್ (ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಹಿಡಿಸುವ ಸೀಳು ನಟ್) ತೆಗೆಯಲೇಬಾರದು. ತೆಗೆದರೆ ಥ್ರೆಡ್ ಡಯಲ್ (ಹಾಫ್ ನಟ್ ಯಾವಾಗ ಹಾಕಬೇಕೆಂದು ತೋರಿಸುವ ಡಯಲ್) ನೋಡಿ ಹಾಕಿದರೂ ಟೂಲ್ ಹಳೇ ಜಾಡಿಗೆ ಬೀಳುವುದಿಲ್ಲ. ಗ್ರೂವ್ ಬಂದ ಕೂಡಲೇ ನಿಲ್ಲಿಸಿ, ಟೂಲ್ ಹಿಂದಕ್ಕೆಳೆದು, ಆಮೇಲೆ ರಿವರ್ಸ್ ಕೊಡಿ. ಎಳೆಯದೆ ಕೊಟ್ಟರೆ ಗೇರ್, ಸ್ಕ್ರೂಗಳ ಸಡಿಲ, ಅಂದರೆ ಬ್ಯಾಕ್‌ಲ್ಯಾಶ್‌ನಿಂದಾಗಿ ಟೂಲ್ ಜಾಡು ಬಿಟ್ಟು ಥ್ರೆಡ್ಡನ್ನೇ ಕೆರೆಯುತ್ತದೆ. ಸ್ಪಿಂಡಲ್‌ನ ಥ್ರೆಡ್‌ಗೆ ತಿರುಗಿಸಿ ಕೂರಿಸುವ ಚಕ್ ಆದರೆ ಸ್ಪಿಂಡಲ್ ಪೂರ್ತಿ ನಿಂತ ಮೇಲಷ್ಟೇ ರಿವರ್ಸ್. ಓಡುವಾಗಲೇ ಕೊಟ್ಟರೆ ಚಕ್ ಬಿಚ್ಚಿಕೊಂಡು ಬೀಳಬಹುದು.

ಮಧ್ಯೆ ಟೂಲ್ ಸಾಣೆ ಹಿಡಿಯಬೇಕಾಗಿ ಬಂದರೆ, ಸೆಂಟರ್ ಗೇಜ್‌ನಿಂದ ಮತ್ತೆ ನೇರ ಮಾಡಿ, ಚಕ್ಕನ್ನು ಕೈಯಲ್ಲಿ ಮುಂದಕ್ಕೇ ತಿರುಗಿಸಿ ಸಡಿಲ ತೆಗೆದು ನಿಲ್ಲಿಸಿ. ಕಾಂಪೌಂಡ್, ಕ್ರಾಸ್ ಸ್ಲೈಡ್ ಎರಡನ್ನೂ ಆಡಿಸುತ್ತಾ, ಜಾಬ್ ಹಿಂದೆ ಬಿಳಿ ಕಾಗದ ಹಿಡಿದು, ಟೂಲ್‌ನ ಎರಡೂ ಬದಿ ಬೆಳಕಿನ ಗೆರೆ ಸಮನಾಗಿ ಕಾಣುವ ತನಕ ಹೊಂದಿಸಿ.