ಯಾವ ಎತ್ತಿಗೆ ಈ ಸರಪಳಿ?

14 ಡಿಸೆಂಬರ್ 2025, ರವಿವಾರ
ವಿಜಯಪುರ

ಬೆಳಿಗ್ಗೆಯಿಂದ ಮನೆಯಲ್ಲಿ ಎಲ್ಲರೂ ನನ್ನನ್ನು ನೋಡಿ ನಗುತ್ತಿದ್ದಾರೆ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ್ದೇ ತಪ್ಪಾಯಿತು. ಕಾಕಾ ಕನ್ನಡಕ ಹಣೆಗೆ ಏರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. "ಯಾವ ಎತ್ತಿಗೆ ಕಟ್ಟಾಕ ತರಸಾಕತ್ತೀಪಾ ಇದನ್ನ?"

ಎತ್ತಿಗಲ್ಲ ಕಾಕಾ, ಗಾಡಿ ಗಾಲಿಗೆ ಸುತ್ತುವ ಸರಪಳಿ, ಸ್ನೋ ಚೈನ್. ಹಿಮದಲ್ಲಿ ಜಾರಬಾರದು ಅಂತ.

ವಿಜಯಪುರದಲ್ಲಿ ಕೂತು ಹಿಮದ ಮಾತು ಆಡಿದರೆ ನಗದೆ ಇನ್ನೇನು ಮಾಡುತ್ತಾರೆ? ಆಕಾಶದಿಂದ ಬೀಳುವ ಗಡ್ಡೆ ಅಂದರೆ ನಮಗೆ ಗೊತ್ತಿರುವುದು ಆಲಿಕಲ್ಲು ಒಂದೇ. ಅದು ಬಿದ್ದ ದಿನ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ತಲೆ ಮೇಲೆ ಕೈ ಹೊತ್ತು ಕೂಡುತ್ತಾರೆ.

ಜನವರಿ ಎರಡನೇ ವಾರ ನಾನು ಮತ್ತು ಗೆಳೆಯ ನನ್ನ ಮಹೀಂದ್ರಾ ಥಾರ್ ಜೀಪು ತೆಗೆದುಕೊಂಡು ಮನಾಲಿಗೆ ಹೊರಟಿದ್ದೇವೆ. ಅಲ್ಲಿಂದ ಅಟಲ್ ಸುರಂಗ ದಾಟಿ ಆಚೆ ಬದಿಯ ಸಿಸ್ಸು ಅನ್ನುವ ಊರಿನ ತನಕ ಹೋಗುವ ಆಸೆ. ದಾರಿ ಹುಡುಕುವ ಕಷ್ಟ ನಮಗಿಲ್ಲ. ನಮ್ಮೂರ ಪಕ್ಕದಲ್ಲೇ ಹೋಗುವ 52ನೇ ನಂಬರಿನ ಹೆದ್ದಾರಿ ಅಂಕೋಲಾದಲ್ಲಿ ಶುರುವಾಗಿ ಸೊಲ್ಲಾಪುರ, ಧುಳೆ, ಇಂದೋರ್, ಕೋಟಾ, ಜೈಪುರ ಹಾದು ಪಂಜಾಬಿನ ಸಂಗ್ರೂರಿಗೆ ಮುಟ್ಟುತ್ತದೆ. ಇಷ್ಟು ವರ್ಷ ಇದೇ ರಸ್ತೆಯಲ್ಲಿ ಹುಬ್ಬಳ್ಳಿಗೆ ಹೋಗಿ ಬರುತ್ತಿದ್ದೆ. ಉಲ್ಟಾ ತಿರುಗಿದರೆ ಪಂಜಾಬ್ ಸಿಗುತ್ತದೆ ಅಂತ ತಲೆಗೆ ಹೊಳೆದೇ ಇರಲಿಲ್ಲ.

ಸುರಂಗ 9.02 ಕಿಲೋಮೀಟರ್ ಉದ್ದ, 2020ರ ಅಕ್ಟೋಬರ್ 3ಕ್ಕೆ ಶುರುವಾಗಿದ್ದು. 3,000 ಮೀಟರಿಗಿಂತ ಎತ್ತರದಲ್ಲಿದೆ. ಒಳಗೆ ಹಿಮ ಬೀಳುವುದಿಲ್ಲ, ಸರಿ. ಆದರೆ ಅದರ ಎರಡೂ ಬಾಯಿಯ ಹೊರಗೆ ಇಳಿಜಾರು, ತಿರುವು, ಹಿಮ ಎಲ್ಲಾ ಇವೆ. ಹಿಮ ಬಿದ್ದ ದಿನ ಪೊಲೀಸರು ಸುರಂಗಕ್ಕಿಂತ ಮೊದಲು ಸಿಗುವ ಸೋಲಂಗ್ ಹತ್ತಿರವೇ ಗಾಡಿ ತಡೆಯುತ್ತಾರೆ. ಫೋರ್ ಬೈ ಫೋರ್, ಅಂದರೆ ನಾಲ್ಕೂ ಗಾಲಿ ಎಳೆಯುವ ಗಾಡಿ ಇರಬೇಕು, ಚೈನ್ ಇರಬೇಕು ಅನ್ನುತ್ತಾರೆ ಎಷ್ಟೋ ಸಲ. ಇಲ್ಲದವರು ವಾಪಸ್.

"ನಾಕೂ ಗಾಲಿ ಎಳಿತಾವ ಅಂತ ರೊಕ್ಕಾ ಜಾಸ್ತಿ ಕೊಟ್ಟ ತಗೊಂಡಿ. ಮತ್ತ ಸರಪಳಿ ಯಾಕ?" ಕಾಕಾ ಬಿಡಲಿಲ್ಲ.

ನಿಜ ಹೇಳಬೇಕೆಂದರೆ ಹದಿನೈದು ದಿನದ ಹಿಂದೆ ನಾನೂ ಇದನ್ನೇ ಕೇಳಿದ್ದೆ. ಉತ್ತರ ಗೊತ್ತಾದ ಮೇಲೆ ಸ್ವಲ್ಪ ನಾಚಿಕೆ ಆಯಿತು, ಅಷ್ಟು ಸರಳ ಅದು. ನಾಲ್ಕೂ ಗಾಲಿ ಎಳೆಯುವುದು ಮುಂದೆ ಹೋಗುವುದಕ್ಕೆ. ನಿಲ್ಲುವುದಕ್ಕೆ ಬ್ರೇಕ್ ಬೇಕು, ಆ ಬ್ರೇಕ್ ಹಳೇ ಮಾರುತಿ 800ಕ್ಕೂ ನಾಲ್ಕೂ ಗಾಲಿಗೆ ಇತ್ತು. ಅಂದರೆ ಇಳಿಜಾರಿನಲ್ಲಿ ನನ್ನ ಥಾರ್‌ಗೂ ಅದಕ್ಕೂ ನಿಲ್ಲುವ ಲೆಕ್ಕದಲ್ಲಿ ದೊಡ್ಡ ಫರಕು ಇಲ್ಲ. ನನ್ನದು ಭಾರ ಮಾತ್ರ ಜಾಸ್ತಿ. ಸುಲಭವಾಗಿ ಏರಿಸಿ, ಮೇಲೆ ತಂದು ನಿಲ್ಲಿಸಿ, ಆಮೇಲೆ ಕೈ ಬಿಡುವ ಗಾಡಿ ಅಂತ ಅಂದುಕೊಳ್ಳಿ.

ಇದನ್ನು ಹೇಳಿದ ಮೇಲೆ ಕಾಕಾ ನಗು ನಿಲ್ಲಿಸಿದರು. ಒಮ್ಮೆ ಕಬ್ಬು ತುಂಬಿದ ಟ್ರೇಲರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಕಾಲುವೆ ಏರಿಯಿಂದ ಕೆಳಗೆ ಇಳಿಸಿದ್ದು ಅವರಿಗೆ ನೆನಪಾಗಿರಬೇಕು. ಪುಣ್ಯಕ್ಕೆ ಕಾಲುವೆಯಲ್ಲಿ ನೀರಿರಲಿಲ್ಲ. "ಏರಾಕ ಎಂಜಿನ್ ಐತಿ. ಇಳಿಯಾಕ ಏನೈತಿ, ಅದನ್ನ ನೋಡ ಮೊದಲ" ಅಂದರು. ಮುಂದೆ ನಾನು ಮಾಡಿದ ಆಯ್ಕೆಗೆಲ್ಲ ಈ ಮಾತೇ ಅಳತೆಗೋಲು.

ಎರೆ ಹೊಲದವರಿಗೆ ಜಾರುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಬಿದ್ದ ಮೇಲೆ ನಮ್ಮ ಹೊಲದ ದಾರಿಯಲ್ಲಿ ನಾಲ್ಕು ಹೆಜ್ಜೆ ಹಾಕಿದರೆ ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ಟೈರಿನ ಗತಿಯೂ ಅದೇ. ಅದರ ಕಚ್ಚುಗಳಲ್ಲಿ ಮಣ್ಣು ತುಂಬಿ, ಟೈರು ಬೋಳಾಗಿ, ನಿಂತಲ್ಲೇ ಗರಗರ ತಿರುಗುತ್ತದೆ. ಹಾಗೆ ಸಿಕ್ಕಿಕೊಂಡಾಗ ಕಾಕಾ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ದಪ್ಪ ಹಗ್ಗ ಸುತ್ತಿ ಹೊರಗೆ ತಂದದ್ದನ್ನು ನಾನೇ ನೋಡಿದ್ದೇನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹ್ಯಾರಿ ವೀಡ್ ಅನ್ನುವವನೂ ಇಂಥದ್ದೇ ನೋಡಿದ್ದನಂತೆ. ಕೆಸರಿನಲ್ಲಿ, ಹಿಮದಲ್ಲಿ ಸಿಕ್ಕಿಕೊಳ್ಳಬಾರದು ಅಂತ ಜನ ಟೈರಿಗೆ ಹಗ್ಗ, ಕೆಲವೊಮ್ಮೆ ಬಳ್ಳಿ ಕೂಡ ಸುತ್ತುತ್ತಿದ್ದರು. ಅವನು ಹಗ್ಗದ ಜಾಗಕ್ಕೆ ಸರಪಳಿ ತಂದು 1904ರಲ್ಲಿ ಪೇಟೆಂಟ್ ಮಾಡಿಸಿದ. ಕಾಕಾಗೆ ಹೇಳಿದೆ. "ನಾವು ಹಗ್ಗದಾಗ ಉಳಿದ್ವಿ ನೋಡ" ಅಂದು ಚಹಾ ಕುಡಿಯಲು ಹೋದರು.

ಇನ್ನು ಆಯ್ಕೆಯ ಕತೆ. ಆನ್‌ಲೈನಿನಲ್ಲಿ "ಥಾರ್‌ಗೆ ಸರಿ ಹೊಂದುತ್ತದೆ" ಅಂತ ಬರೆದದ್ದನ್ನು ನಂಬಿ ಮೊದಲ ದಿನವೇ ಕೊಳ್ಳುವುದರಲ್ಲಿದ್ದೆ. ಬೆರಳು ಬಟನ್ ಮೇಲಿತ್ತು. ಯಾಕೋ ಒಮ್ಮೆ ಟೈರ್ ನೋಡಿ ಬರೋಣ ಅಂತ ಹೊರಗೆ ಹೋದೆ. ನನ್ನದು 255/65 ಆರ್ 18. ಅವರು ಮಾರುತ್ತಿದ್ದದ್ದು 245/75 ಆರ್ 16ರ ಅಳತೆ. ಎರಡೂ ಥಾರ್‌ನವೇ, ಬೇರೆ ಬೇರೆ ಮಾದರಿಗೆ ಬಂದ ಗಾಲಿಗಳು. ಗಾಡಿ ಹೆಸರು ಕೇಳಿ ಚೈನ್ ಕೊಳ್ಳುವುದು ಅಂದರೆ ಊರ ಹೆಸರು ಕೇಳಿ ಚಪ್ಪಲಿ ಕೊಂಡ ಹಾಗೆ.

ಲೆಕ್ಕ ಹಾಕಿ ನೋಡಿದೆ. 255 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರ ನೂರಕ್ಕೆ 65 ಪಾಲು ಟೈರಿನ ಗೋಡೆಯ ಎತ್ತರ, ಸುಮಾರು 166. 18 ಇಂಚಿನ ರಿಮ್ಮಿಗೆ ಮೇಲೆ ಕೆಳಗೆ ಅದನ್ನು ಕೂಡಿಸಿದರೆ ಗಾಲಿಯ ಎತ್ತರ ಹತ್ತಿರ ಹತ್ತಿರ 789 ಮಿಲಿಮೀಟರ್. ಇನ್ನೊಂದರದು 774. ಫರಕು ಒಂದೂವರೆ ಸೆಂಟಿಮೀಟರ್ ಅಷ್ಟೇ ಅಲ್ವಾ ಅನ್ನಿಸುತ್ತದೆ. ಆದರೆ ಸುತ್ತಳತೆಯಲ್ಲಿ ಅದು ಸುಮಾರು ನಾಲ್ಕೂವರೆ ಸೆಂಟಿಮೀಟರ್ ಆಗುತ್ತದೆ. ಕೊಕ್ಕೆ ಅಲ್ಲಿಗೇ ಮುಟ್ಟುವುದಿಲ್ಲ. ಉಲ್ಟಾ ಇದ್ದರೆ, ಅಂದರೆ ಚೈನ್ ದೊಡ್ಡದಾದರೆ, ಇನ್ನೂ ಕೆಟ್ಟದ್ದು. ಸಡಿಲವಾದ ಚೈನ್ ತಿರುಗುತ್ತಾ ಮಡ್‌ಗಾರ್ಡಿಗೆ, ಬ್ರೇಕಿನ ಪೈಪಿಗೆ ಚಾಟಿ ಹೊಡೆದ ಹಾಗೆ ಹೊಡೆಯುತ್ತದೆ.

ಎರಡನೇ ತಪ್ಪು ದಪ್ಪದ ಆಸೆ. ಪೆಟ್ಟಿಗೆಗಳ ಮೇಲೆ 9, 12, 16 ಮಿಲಿಮೀಟರ್ ಅಂತ ಬರೆದಿರುತ್ತಾರೆ. ದೊಡ್ಡ ಗಾಡಿಗೆ ದೊಡ್ಡ ಚೈನ್, 16ರದ್ದೇ ಇರಲಿ ಅಂದುಕೊಂಡಿದ್ದೆ. ಚೈನ್ ಟೈರಿನ ಹೊರಗೆ ಮಾತ್ರ ಇರುವುದಿಲ್ಲ, ಹಿಂದಿನ ಬದಿಗೂ ಹೋಗುತ್ತದೆ. ಅಲ್ಲಿ ಸಸ್ಪೆನ್ಷನ್ ತೋಳು, ಬ್ರೇಕ್ ಪೈಪು, ಬ್ರೇಕ್ ಹಿಡಿದಾಗ ಗಾಲಿ ಜಾಮ್ ಆಗದಂತೆ ನೋಡುವ ಎಬಿಎಸ್‌ನ ವೈರು ಎಲ್ಲಾ ಟೈರಿಗೆ ಹತ್ತಿರ ಇರುತ್ತವೆ. ಅವುಗಳ ನಡುವೆ ಎಷ್ಟು ಸಂದು ಇದೆಯೋ ಅದೇ ಚೈನಿನ ದಪ್ಪವನ್ನು ತೀರ್ಮಾನಿಸುತ್ತದೆ. ನಮ್ಮ ಆಸೆಗೆ ಅಲ್ಲಿ ಜಾಗ ಇಲ್ಲ.

ಸಂದು ಅಳೆಯುವುದು ಹೇಗೆ? ಸ್ಕೇಲ್ ಒಳಗೆ ಹೋಗಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಒಂದು ಉಂಡೆ ಹಿಟ್ಟು ಎತ್ತಿಕೊಂಡು ಬಂದು ಸಂದಿಗೆ ತುರುಕಿದೆ. ಜೋಳದ ಹಿಟ್ಟು, ಹೊರಗೆ ತೆಗೆಯುವಷ್ಟರಲ್ಲಿ ಒಡೆದು ಚೂರಾಯಿತು. ಕೊನೆಗೆ ಚಪಾತಿ ಕಣಕ ಬೇಕಾಯಿತು. ಅದು ಚೆನ್ನಾಗಿ ಅಚ್ಚು ಹಿಡಿಯಿತು. (ಆ ಕಣಕದ ಬಗ್ಗೆ ಅವ್ವ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ.) ಹಿಂದಿನ ಗಾಲಿಗಳಲ್ಲಿ ಜಾಗ ಧಾರಾಳ. ಮುಂದೆ ಸ್ಟೇರಿಂಗ್ ನೆಟ್ಟಗಿದ್ದಾಗಲೂ ಪರವಾಗಿಲ್ಲ. ಪೂರ್ತಿ ಎಡಕ್ಕೆ ತಿರುಗಿಸಿ ಮತ್ತೆ ಅಳೆದೆ, ಬಲಕ್ಕೆ ತಿರುಗಿಸಿ ಅಳೆದೆ. ಆಗ ಗೊತ್ತಾಯಿತು 16ರದ್ದು ನಮ್ಮ ಪಾಲಿಗಲ್ಲ ಅಂತ. ಗುಂಡಿಗೆ ಬಿದ್ದಾಗ ಗಾಲಿ ಮೇಲೆ ಹೋಗುತ್ತದೆ, ಆ ಲೆಕ್ಕವನ್ನೂ ಬಿಟ್ಟುಕೊಡಬೇಕಲ್ಲ. 12ರದ್ದೇ ಸರಿ. ಇದು ನನ್ನ ಗಾಡಿಯ ಮಾತು. ಟೈರ್ ಬದಲಾಯಿಸಿದವರು, ಗಾಡಿ ಎತ್ತರಿಸಿದವರು ತಾವೇ ಅಳೆಯಬೇಕು, ಗಾಡಿ ಜೊತೆ ಬಂದ ಪುಸ್ತಕವನ್ನೂ ಓದಬೇಕು. ಬೇಕಾದರೆ ನಮ್ಮ ಮನೆಗೆ ಬನ್ನಿ, ಕಣಕ ಮಾತ್ರ ನೀವೇ ತನ್ನಿ.

ವಿನ್ಯಾಸದಲ್ಲಿ ಹೆಚ್ಚು ಯೋಚನೆ ಮಾಡಲಿಲ್ಲ. ಏಣಿಯ ಹಾಗೆ ಅಡ್ಡ ಪಟ್ಟಿಗಳಿರುವ ಚೈನ್ ಅಗ್ಗ. ನೇರಕ್ಕೆ ಚೆನ್ನಾಗಿ ಕಚ್ಚುತ್ತದೆ, ಆದರೆ ಪಕ್ಕಕ್ಕೆ ಜಾರಿದರೆ ಹಿಡಿಯುವುದು ಕಡಿಮೆ. ವಜ್ರದ ಆಕಾರದಲ್ಲಿ ಹೆಣೆದದ್ದು ಯಾವಾಗಲೂ ನೆಲಕ್ಕೆ ಎಲ್ಲೋ ಒಂದು ಕಡೆ ತಾಗಿರುತ್ತದೆ, ಪಕ್ಕಕ್ಕೂ ಹಿಡಿಯುತ್ತದೆ. ನಮ್ಮದು ತಿರುವಿನ ರಸ್ತೆ, ಒಂದು ಬದಿ ಕಣಿವೆ. ವಜ್ರವೇ ಇರಲಿ. ಬಟ್ಟೆಯ ಸಾಕ್ಸ್ ಕೂಡ ಸಿಗುತ್ತವೆ, ಟೈರಿಗೆ ತೊಡಿಸುವುದು. ಹಗುರ, ಹಾಕುವುದು ಸುಲಭ, ಆದರೆ ಬರೀ ಡಾಂಬರು ಸಿಕ್ಕರೆ ಬೇಗ ಹರಿಯುತ್ತವೆ. ಹಳದಿ ಪ್ಲಾಸ್ಟಿಕ್ ಪಟ್ಟಿಗಳು ಬೇರೆ ಇವೆ, ರಿಮ್ಮಿನ ತೂತಿನಲ್ಲಿ ತೂರಿಸಿ ಬಿಗಿಯುವಂಥವು. ಗೆಳೆಯನಿಗೆ ಅದರ ಮೇಲೆ ಬಹಳ ಮನಸ್ಸಿತ್ತು, ನೋಡಲು ಚೆಂದ ಅಂತ. ಗಾಲಿಯೊಳಗೆ ಬ್ರೇಕ್ ಹಿಡಿಯುವ ಕ್ಯಾಲಿಪರ್‌ಗೆ ತಾಗುವ ಭಯ ತೋರಿಸಿ ಬಿಡಿಸಿದೆ.

ಅಲ್ಲೇ ರಸ್ತೆ ಬದಿಯಲ್ಲಿ ಬಾಡಿಗೆಗೆ ಸಿಗುತ್ತದಲ್ಲ ಅಂತಲೂ ಅವನು ಕೇಳಿದ. ಸಿಗುತ್ತದೆ. ನನ್ನ ಅಳತೆಯದ್ದೇ ಸಿಗುತ್ತದೆ ಅಂತ ಏನು ಗ್ಯಾರಂಟಿ?

ಒಂದು ಜೋಡಿಯೋ, ಎರಡು ಜೋಡಿಯೋ ಅನ್ನುವಲ್ಲಿ ಮಧ್ಯಾಹ್ನ ಪೂರ್ತಿ ಹೋಯಿತು. ಥಾರ್ ಸುಮ್ನೆ ಓಡುವಾಗ ಹಿಂದಿನ ಗಾಲಿಯ ಗಾಡಿ. ಒಂದೇ ಜೋಡಿ ಇದ್ದರೆ ಹಿಂದೆ ಹಾಕುವುದು ರೂಢಿ. ಗಾಡಿ ಮುಂದೆ ಹೋಗುವುದಕ್ಕೆ ಅಷ್ಟು ಸಾಕು. ಆದರೆ ಸ್ಟೇರಿಂಗ್ ತಿರುಗಿಸುವುದು ಮುಂದಿನ ಗಾಲಿಯನ್ನು. ಅಲ್ಲಿ ಹಿಡಿತ ಇಲ್ಲದಿದ್ದರೆ ಗಾಲಿ ತಿರುಗಿರುತ್ತದೆ, ಗಾಡಿ ನೆಟ್ಟಗೆ ಹೋಗುತ್ತಿರುತ್ತದೆ. ಮುಂದೆ ಮಾತ್ರ ಹಾಕಿದರೆ ಇಳಿಯುವಾಗ ಹಿಂಭಾಗ ಬೀಸಿಕೊಂಡು ಬಂದು ಗಾಡಿಯನ್ನೇ ಗಿರಕಿ ಹೊಡೆಸಬಹುದು. ಕಾಕಾನ ಅಳತೆಗೋಲು ಹಿಡಿದು ನೋಡಿದರೆ ಉತ್ತರ ಒಂದೇ. ನಾಲ್ಕೂ ಗಾಲಿಗೆ.

ಎರಡು ಜೋಡಿ ಆರ್ಡರ್ ಮಾಡಿದೆ. ಒಂದು ಜೋಡಿಯ ಬೆಲೆ ಅವ್ವನಿಗೆ ಹೇಳಿದೆ, ಎರಡು ಜೋಡಿ ಅಂತ ಹೇಳಲಿಲ್ಲ. "ಎರಡ ಕ್ವಿಂಟಲ್ ಜ್ವಾಳ ಬರ್ತಿತ್ತಲ್ಲೋ ಇಷ್ಟ ರೊಕ್ಕದಾಗ!" ಅಂದಳು.

20 ಡಿಸೆಂಬರ್ 2025, ಶನಿವಾರ

ನಿನ್ನೆ ಪಾರ್ಸಲ್ ಬಂತು. ಅಷ್ಟು ಕುತ್ತಿಗೆ ಉದ್ದ ಮಾಡಿ ಅಳತೆ ಬರೆದು ಕಳಿಸಿದ್ದರೂ ಎರಡರಲ್ಲಿ ಒಂದು ಪೆಟ್ಟಿಗೆ ಬೇರೆ ಅಳತೆಯದ್ದು. ಅಂಗಡಿಯವರು ಬದಲಾಯಿಸಿ ಕೊಡುತ್ತಾರಂತೆ. ಇಲ್ಲೇ ತೆರೆದು ನೋಡಿದ್ದು ಒಳ್ಳೆಯದಾಯಿತು. ಮೈನಸ್ ಚಳಿಯಲ್ಲಿ, ಕತ್ತಲಲ್ಲಿ, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ ಇದು ಗೊತ್ತಾಗಿದ್ದರೆ?

ಸರಿ ಇದ್ದ ಜೋಡಿಯನ್ನು ಇವತ್ತು ಹೊಲದಲ್ಲಿ ಹಿಂದಿನ ಗಾಲಿಗೆ ಹಾಕಿ ನೋಡಿದೆ. ಕಬ್ಬಿಗೆ ನೀರು ಬಿಟ್ಟಿದ್ದರು, ದಾರಿ ಹಸಿ ಇತ್ತು. ಡಾಂಬರಿನ ಮೇಲೆ ಓಡಿಸಿದರೆ ಚೈನೂ ಹಾಳು, ಟೈರೂ ಹಾಳು. ನಾಲ್ಕೂ ಗಾಲಿ ಎಳೆಯುವ ಫೋರ್ ಹೈ ಗೇರನ್ನೂ ಒಣ ಡಾಂಬರಿನ ಮೇಲೆ ಹಾಕಬಾರದು. ಥಾರ್‌ನಲ್ಲಿ ಹಿಂದಿನ ಮುಂದಿನ ಶಾಫ್ಟುಗಳು ಆಗ ಒಂದಕ್ಕೊಂದು ಬಿಗಿದುಕೊಂಡಿರುತ್ತವೆ, ತಿರುವಿನಲ್ಲಿ ಒಳಗೇ ಎಳೆದಾಡುತ್ತವೆ.

ಮೊದಲ ಸಲ ನಲವತ್ತು ನಿಮಿಷ. ಉಂಗುರದ ಹಾಗಿರುವ ತಂತಿಯನ್ನು ಗಾಲಿಯ ಹಿಂದೆ ದಾಟಿಸಿ, ಅಲ್ಲಿ ಅದರ ಎರಡು ತುದಿ ಕೂಡಿಸಬೇಕು. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಗೊತ್ತಾಗಬೇಕು. ಒಮ್ಮೆ ತಿರುಚಿಕೊಂಡಿತು, ಬಿಚ್ಚಿ ಮತ್ತೆ ಹಾಕಿದೆ. ಕೊಕ್ಕೆಗಳ ಬಾಯಿ ಹೊರಗೆ ಇರಬೇಕು, ಟೈರಿನ ಕಡೆ ಇದ್ದರೆ ಗೋಡೆ ಕೊರೆಯುತ್ತದೆ. ಮೂರನೇ ಸಲಕ್ಕೆ ಹದಿನೈದು ನಿಮಿಷಕ್ಕೆ ಬಂತು. ಐವತ್ತು ಮೀಟರ್ ಓಡಿಸಿ ನಿಲ್ಲಿಸಿ ನೋಡಿದರೆ ಆಗಲೇ ಸಡಿಲ ಆಗಿತ್ತು. ಮತ್ತೆ ಬಿಗಿದೆ. ಇದು ಪ್ರತಿ ಸಲ ಮಾಡಲೇಬೇಕಾದ ಕೆಲಸ. ಅಲ್ಲಿ ಹೋದರೂ 40 ಕಿಲೋಮೀಟರ್ ವೇಗ ದಾಟಬಾರದು ಅಂತ ಗೆಳೆಯನಿಗೆ ಈಗಲೇ ಹೇಳಿಟ್ಟಿದ್ದೇನೆ. ಅವನ ಕಾಲು ಸ್ವಲ್ಪ ಭಾರ.

ಪೆಟ್ಟಿಗೆಯಲ್ಲಿ ಬಂದ ತೆಳು ಕೈಗವಸು ಎರೆ ಮಣ್ಣಿಗೇ ಸೋತಿತು. ದಪ್ಪ ರಬ್ಬರಿನದ್ದು, ಹಣೆಗೆ ಕಟ್ಟುವ ಟಾರ್ಚು, ಮೊಣಕಾಲಿಗೆ ಹಾಸಲು ಒಂದು ಗೋಣಿಚೀಲ ಡಿಕ್ಕಿಗೆ ಹಾಕಿದೆ. ಚೈನ್ ತೊಳೆದು ಬಿಸಿಲಿಗೆ ಹಾಕಿದ್ದೇನೆ. ನಮ್ಮ ಬಿಸಿಲಿಗೆ ಅರ್ಧ ಗಂಟೆ ಸಾಕು.

ಕಾಕಾ ಬದುವಿನ ಮೇಲೆ ಕೂತು ಇಷ್ಟೂ ನೋಡುತ್ತಿದ್ದರು. ಚೈನ್ ಹಾಕಿದ ಗಾಡಿ ಹಸಿ ಮಣ್ಣಿನ ಏರು ಹತ್ತಿದ್ದಕ್ಕೆ ಏನೂ ಅನ್ನಲಿಲ್ಲ. ಇಳಿಯುವಾಗ ನಡುವೆ ಬ್ರೇಕ್ ಹಿಡಿದೆ, ಗಾಡಿ ಕಚ್ಚಿ ನಿಂತಿತು. ಆಗ ಎದ್ದು ಬಂದು ಚೈನ್ ಮುಟ್ಟಿ ನೋಡಿದರು.

"ಹೊಳ್ಳಿ ಬಂದ ಮ್ಯಾಲ ಒಂದ ಜೋಡಿ ನನ್ನ ಟ್ರ್ಯಾಕ್ಟರಿಗೆ ಕೊಟ್ಟಬಿಡು."

ಟೈರ್ ಸೈಜ್ ಎಷ್ಟು ಕಾಕಾ ಅಂತ ಕೇಳಿದೆ. ಬಗ್ಗಿ, ಮಣ್ಣು ಒರೆಸಿ, ಓದಿದರು. 13.6-28, ಅಂದರೆ 28 ಇಂಚಿನ ರಿಮ್ಮು. ಇಬ್ಬರೂ ನಕ್ಕೆವು. ಹಗ್ಗ ಎಲ್ಲಿಟ್ಟಿದ್ದಾರೋ ಹುಡುಕಬೇಕು.