ಸಿಪಾಯಿಯ ಹೆಗಲುಚೀಲ: ಮೂರನೇ ಒಲೆ ಬಿಸ್ಕತ್ತು, ಮೊದಲ ಹತ್ತು ತೋಟಾ

ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಕಾದಿದ ಸಾಮಾನ್ಯ ಸಿಪಾಯಿಗಳು ಆಮೇಲೆ ಬರೆದಿಟ್ಟ ನೆನಪುಗಳಲ್ಲಿ ಹಾರ್ಡ್‌ಟ್ಯಾಕ್ ಎಂಬ ಕಲ್ಲುಬಿಸ್ಕತ್ತು, ಕಾಫಿ, ಬಾಯಲ್ಲಿ ಉಳಿದ ಮದ್ದಿನ ರುಚಿ ಮತ್ತೆ ಮತ್ತೆ ಬರುತ್ತವೆ. ಇವನ್ನು ಮಾಡಿ, ಮುಟ್ಟಿ ನೋಡುವುದೇ ಈ ಕೆಲಸ.

ಬಿಸ್ಕತ್ತು ಈಗ ಹದಕ್ಕೆ ಬಂದಿದೆ. 500 ಗ್ರಾಂ ಮೈದಾ, 225 ಮಿ.ಲೀ. ನೀರು, ಚಿಟಿಕೆ ಉಪ್ಪು. ಎಣ್ಣೆ, ಸೋಡಾ ಏನೂ ಇಲ್ಲ. ಹಿಟ್ಟು ಪೂರಿಯದಕ್ಕಿಂತ ಗಟ್ಟಿ ಇರಬೇಕು. 10 ಮಿ.ಮೀ. ದಪ್ಪ ಲಟ್ಟಿಸಿ, 79 × 73 ಮಿ.ಮೀ. ಕತ್ತರಿಸಿ, ನಾಲ್ಕು ಸಾಲಿನಲ್ಲಿ 16 ತೂತು. 190 ಡಿಗ್ರಿಯಲ್ಲಿ ಎರಡೂ ಮಗ್ಗುಲು ಅರ್ಧರ್ಧ ಗಂಟೆ, ಆಮೇಲೆ 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸುವುದು. ಹತ್ತು ಬಿಸ್ಕತ್ತು ಬರುತ್ತವೆ. ಉತ್ತರದ ಸಿಪಾಯಿಗೆ ದಂಡು ಹೊರಟಾಗ ದಿನಕ್ಕೆ ಸಿಗುತ್ತಿದ್ದ ಒಂದು ಪೌಂಡ್ ಪಾಲು ಹೆಚ್ಚುಕಡಿಮೆ ಇಷ್ಟೇ.

ಮೊದಲ ಒಲೆ ಕೆಟ್ಟದ್ದು ತೂತಿನಿಂದ. ತಳದವರೆಗೆ ಚುಚ್ಚದಿದ್ದರೆ ಹಬೆ ಒಳಗೇ ಸಿಕ್ಕಿ ಬಿಸ್ಕತ್ತು ಉಬ್ಬುತ್ತದೆ. ಎರಡನೆಯದರಲ್ಲಿ ಒಣಗಿಸುವ ಹೊತ್ತು ಸಾಲದೆ ನಡುವೆ ಪಸೆ ಉಳಿಯಿತು, ಆರನೇ ದಿನಕ್ಕೆ ಬೂಸಲು. ಸರಿಯಾಗಿ ಒಣಗಿದ್ದು ಮೇಜಿಗೆ ಬಡಿದರೆ ಹೆಂಚಿನ ಸದ್ದು ಕೊಡುತ್ತದೆ. ಹಲ್ಲಿಗೆ ಬಗ್ಗುವುದಿಲ್ಲ, ಬಿಸಿ ಕಾಫಿಯಲ್ಲಿ ಹತ್ತು ನಿಮಿಷ ನೆನೆಯಬೇಕು. ಸಿಪಾಯಿಗಳು ಕೋವಿಯ ಹಿಡಿಯಿಂದ ಪುಡಿಮಾಡಿ ಕಾಫಿಗೆ ಸುರಿಯುತ್ತಿದ್ದರು. ಹುಳು ಬಿದ್ದದ್ದಾದರೆ ಅವು ತೇಲಿ ಮೇಲೆ ಬರುತ್ತಿದ್ದವು, ಚಮಚದಲ್ಲಿ ತೆಗೆದು ಚೆಲ್ಲಿ ಕುಡಿಯುವುದು. ದಕ್ಷಿಣದವರ ಪಾಲಿಗೆ ಹೆಚ್ಚಾಗಿ ಜೋಳದ ಹಿಟ್ಟು. ಕಾಫಿ ಸಿಗದೆ ಹುರಿದ ಜೋಳ, ಚಿಕೋರಿ. ಇಲ್ಲಿ ಜೋಳ ಎಂದರೆ ಮೆಕ್ಕೆಜೋಳ.

ತೋಟಾದ ಕೆಲಸ ಇನ್ನೂ ಕಷ್ಟದ್ದು. ನಮ್ಮ ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಆ ಯುದ್ಧದ ಸ್ಪ್ರಿಂಗ್‌ಫೀಲ್ಡ್ 1861 ಕೋವಿ ಹೊಸದೇನಲ್ಲ: ನಳಿಗೆಯ ಬಾಯಿಂದ ಮದ್ದು, ಮೇಲೆ ಗುಂಡು, ಗಜದಿಂದ (ಉದ್ದ ಕಂಬಿ) ಜಡಿದು ಹಿಂದೆ ಕೇಪು (ಬಡಿದರೆ ಕಿಡಿ ಹಾರಿಸುವ ಪುಟ್ಟ ಟೋಪಿ). ವ್ಯತ್ಯಾಸವೆಂದರೆ ಮದ್ದು, ಗುಂಡು ಎರಡೂ ಒಂದೇ ಕಾಗದದ ಸುರುಳಿಯಲ್ಲಿ, ಅದೇ ತೋಟಾ; ಅದರ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯುವುದು. 60 ಗ್ರೇನ್ ಮದ್ದು (4 ಗ್ರಾಂಗೆ ತುಸು ಕಡಿಮೆ), ಸುಮಾರು 32 ಗ್ರಾಂ ಸೀಸದ, ಚೂಪು ಮೂತಿಯ ಮಿನಿಯೆ ಗುಂಡು. ನಮ್ಮದು ಬರೀ ನಕಲು: ಮರದ ಗುಂಡು, ಮದ್ದಿನ ಬದಲು ಚಿರೋಟಿ ರವೆಗೆ ಇದ್ದಿಲ ಪುಡಿ ಮತ್ತು ಉಪ್ಪು. ಸೀಸವನ್ನೂ ನಿಜವಾದ ಮದ್ದನ್ನೂ ಹಲ್ಲಿನ ಹತ್ತಿರ ತರಕೂಡದು.

ಜೆರಾಕ್ಸ್ ಕಾಗದ ದಪ್ಪ, 14.5 ಮಿ.ಮೀ. ಕೋಲಿಗೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಪತ್ರಿಕೆ ಕಾಗದ ದಾರ ಬಿಗಿದಲ್ಲೇ ಹರಿಯಿತು. ತೆಳು ಕಂದು ಪೊಟ್ಟಣದ ಕಾಗದ ನಿಂತಿತು. ಸುರುಳಿಯ ತುದಿಯಲ್ಲಿ ಉಳಿದ ಬಾಲವನ್ನು ಒಂದೇ ಕಡೆಗೆ ಮಡಿಸಬೇಕು, ಇಲ್ಲದಿದ್ದರೆ ಕಚ್ಚಿ ಎಳೆದಾಗ ಸುರುಳಿಯೇ ಸೀಳಿ ಅರ್ಧ ರವೆ ನೆಲಕ್ಕೆ. ಹತ್ತರಲ್ಲಿ ಮೂರು ಹೀಗೆ ಹೋದವು. ಉಳಿದ ಏಳನ್ನು ಕಚ್ಚುವಷ್ಟರಲ್ಲಿ ತುಟಿಯ ಬಲ ಅಂಚಿಗೆ ಕಪ್ಪು ಗೆರೆ, ನಾಲಿಗೆ ಒಣ. ನಿಜವಾದ ಮದ್ದಿನಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು. ಕಾಳಗ ಎಂದೊಡನೆ ಆ ಸಿಪಾಯಿಗಳು ಬಾಯಾರಿಕೆಯನ್ನೂ ಮಸಿ ಹಿಡಿದ ಮುಖಗಳನ್ನೂ ನೆನೆಯುವುದು ಇದಕ್ಕೇ. ಎರಡೂ ಕಡೆಯವರು ಬಳಸಿದ ಎನ್‌ಫೀಲ್ಡ್ ಕೋವಿ, 1857ರಲ್ಲಿ ನಮ್ಮ ಸಿಪಾಯಿಗಳು ಕೊಬ್ಬು ಸವರಿದ ತೋಟಾ ಕಚ್ಚಲು ಒಲ್ಲೆನೆಂದ ಅದೇ ಮಾದರಿ.

ಕವಾಯತಿನಲ್ಲಿ ತುಂಬುವುದಕ್ಕೆ ಒಂಬತ್ತು ಹೆಜ್ಜೆ, ಪಳಗಿದವನಿಗೆ ನಿಮಿಷಕ್ಕೆ ಮೂರು ಈಡು. ಸೊಂಟದ ಪೆಟ್ಟಿಗೆಯಲ್ಲಿ ತೋಟಾ 40. ಕೇಪು ಸಿಡಿಯದಿದ್ದರೆ ಆ ಗದ್ದಲದಲ್ಲಿ ತಿಳಿಯುವುದೇ ಇಲ್ಲ, ಮೇಲೆ ಇನ್ನೊಂದು ತುಂಬುತ್ತಾನೆ. 1863ರ ಗೆಟ್ಟಿಸ್‌ಬರ್ಗ್ ಕಾಳಗದ ನಂತರ ಹೆಕ್ಕಿದ 27,000ಕ್ಕೂ ಹೆಚ್ಚು ಕೋವಿಗಳಲ್ಲಿ ಸುಮಾರು 24,000 ತುಂಬಿದ್ದವು. ಅರ್ಧದಷ್ಟರಲ್ಲಿ ಎರಡೆರಡು ಈಡು.

ಮುಂದಿನದು ಪೆಟ್ಟಿಗೆಯೊಳಗಿನ ಎರಡು ತಗಡಿನ ಗೂಡು. ತಲಾ 20 ತೋಟಾ ಹಿಡಿಯಬೇಕು: ಮೇಲೆ ಬಿಡಿ ಹತ್ತು, ಕೆಳಗೆ ಕಟ್ಟಿದ ಹತ್ತು. ನಿಜವಾದ 40 ತೋಟಾಗಳ ತೂಕಕ್ಕೆ ಬದಲಾಗಿ ಒಂದೂವರೆ ಕಿಲೋ ಮರಳು ತೂಗಿಟ್ಟಿದೆ.