ಹೊಳವಾದಾಗ ಮಾತ್ರ ಕೈಕೊಡುವ ಕ್ಯಾಮೆರಾ

ಶಿವಮೊಗ್ಗದಲ್ಲಿ ತುಂಗೆಯ ಹಳೆಯ ಸೇತುವೆಯ ಬಳಿ, ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯೊಳಗೆ ಒಂದು ಕಲ್ಲಿನ ಮಂಟಪವಿದೆ. ಮಂಟಪ ಮುಳುಗಿತೆಂದರೆ ಹೊಳೆ ತುಂಬಿತು ಎಂಬುದು ಊರಿನವರ ಲೆಕ್ಕ; ಆ ದಿನ ಸೇತುವೆಯ ಮೇಲೆ ನಿಲ್ಲಲು ಜಾಗ ಸಿಗುವುದಿಲ್ಲ. ಮೇಲೆ ಗಾಜನೂರಿನಲ್ಲಿರುವ ತುಂಗಾ ಅಣೆಕಟ್ಟು ಚಿಕ್ಕದಾದ್ದರಿಂದ ಅದು ಮಳೆಗಾಲದ ಮೊದಲಲ್ಲೇ ತುಂಬಿಬಿಡುತ್ತದೆ. ಆಮೇಲೆ ಘಟ್ಟದ ಕಡೆಯಿಂದ ಬಂದ ನೀರನ್ನು ಹಾಗೆಯೇ ಹೊಳೆಗೆ ಬಿಡಬೇಕಾಗುತ್ತದೆ. ಹೀಗಾಗಿ ಬೆಳಿಗ್ಗೆ ಕಂಬಗಳ ಬುಡದಲ್ಲಿದ್ದ ನೀರು ಸಂಜೆಗೆ ಚಾವಣಿ ಮುಟ್ಟಿರುವುದುಂಟು. ಈ ಮಂಟಪವನ್ನು ಆರಿದ್ರಾ ಮಳೆಯಿಂದ ಹಸ್ತದವರೆಗೆ ಪ್ರತಿದಿನ ಒಂದೇ ಜಾಗದಲ್ಲಿ ನಿಂತು ತೆಗೆಯಬೇಕೆಂಬುದು ಈ ಮಳೆಗಾಲಕ್ಕೆ ನಾನು ಹಾಕಿಕೊಂಡ ಕೆಲಸ. ಅದರ ನಡುವೆ ಕ್ಯಾಮೆರಾ ಕೈಕೊಡತೊಡಗಿತು. ಆದ್ದರಿಂದ ಹೊಳೆಯ ದಿನಚರಿಯಾಗಬೇಕಿದ್ದ ಪುಸ್ತಕದ ಬಹುಪಾಲು ಪುಟಗಳು ದುರಸ್ತಿಯ ದಿನಚರಿಯಾಗಿವೆ.

ಜೂನ್ 27, ಆರಿದ್ರಾ

ಮೂರು ದಿನ ಬಿಡದೆ ಹೊಯ್ದ ಮಳೆ ಬೆಳಿಗ್ಗೆ ಹೊಳವಾಯಿತು. ಒಳ್ಳೆಯ ಬಿಸಿಲು ಬಿದ್ದಿತ್ತು. ಶಟರ್ ಒತ್ತಿದೊಡನೆ, ಕ್ಯಾಮೆರಾಕ್ಕೂ ಲೆನ್ಸಿಗೂ ಸಂಪರ್ಕ ಸರಿಯಿಲ್ಲ, ಲೆನ್ಸಿನ ಕಾಂಟ್ಯಾಕ್ಟುಗಳನ್ನು ಒರೆಸಿ ಎಂಬ ಸೂಚನೆ ಪರದೆಯ ಮೇಲೆ ಬಂದಿತು. ಸ್ವಿಚ್ ಆರಿಸಿ ಮತ್ತೆ ಹಾಕಿದೆ. ಒಂದು ಚಿತ್ರ ಬಂದಿತು, ಮುಂದಿನದಕ್ಕೆ ಮತ್ತೆ ಅದೇ ಸೂಚನೆ. ಲೆನ್ಸ್ ಬಿಚ್ಚಿ, ಹಿಂಬದಿಯ ಚಿನ್ನದ ಬಣ್ಣದ ಬಿಂದುಗಳನ್ನು ಒಣಬಟ್ಟೆಯಿಂದ ಒರೆಸಿ ಮತ್ತೆ ಹಾಕಿದ ಮೇಲೆ ಹದಿನೈದು ಚಿತ್ರಗಳು ಸರಾಗವಾಗಿ ಬಂದವು. ತೇವವೇ ಕಾರಣವೆಂದು ಆಗಲೇ ತೀರ್ಮಾನಿಸಿಬಿಟ್ಟೆ. ಚಪ್ಪಲಿಗೂ ಬೂಸಲು ಹಿಡಿಯುವ ಈ ಊರಿನಲ್ಲಿ ಬೇರೆ ಕಾರಣ ಹುಡುಕಬೇಕೆಂದು ಯಾರಿಗೂ ತೋಚುವುದಿಲ್ಲ.

ಜುಲೈ 4

ಈ ವಾರದಲ್ಲಿ ಐದು ಸಲ ಹೀಗಾಯಿತು. ಐದೂ ಸಲ ಮಳೆ ನಿಂತು ಬಿಸಿಲು ಬಂದಾಗಲೇ. ಜಡಿಮಳೆಯಲ್ಲಿ ಕೊಡೆಯ ಕೆಳಗೆ ನಿಂತು ತೆಗೆದಾಗ ಒಂದೇ ಒಂದು ಸಲವೂ ಆಗಲಿಲ್ಲ. ಇದಕ್ಕೂ ಒಂದು ವಿವರಣೆ ಕಟ್ಟಿಕೊಂಡೆ: ಮಳೆಯಲ್ಲಿ ಒಳಗೆ ಸೇರಿದ ತೇವ ಬಿಸಿಲಿಗೆ ಆವಿಯಾಗಿ ಕಾಂಟ್ಯಾಕ್ಟುಗಳ ಮೇಲೆ ಕೂರುತ್ತಿರಬೇಕು ಎಂದು. ಈಗ ಓದಿದರೆ ನಗು ಬರುತ್ತದೆ. ಆದರೆ ಆಗ ಅದು ಎಷ್ಟು ಸಹಜವಾಗಿ ಹೊಂದಿಕೊಂಡಿತ್ತೆಂದರೆ, ಮಳೆಯಲ್ಲಿ ಸರಿಯಿರುವ ಯಂತ್ರ ಬಿಸಿಲಿನಲ್ಲಿ ಕೆಡುವುದಕ್ಕೆ ತೇವವನ್ನು ದೂರುವುದು ಎಂತಹ ವಕ್ರ ತರ್ಕವೆಂದು ಹೊಳೆಯಲೇ ಇಲ್ಲ.

ತೀರ್ಥಹಳ್ಳಿಯ ಕಡೆ ಊರಿನಲ್ಲಿರುವ ಅಮ್ಮ ಫೋನಿನಲ್ಲಿ ಕೊಟ್ಟ ಸಲಹೆ: "ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಡು ಮಾರಾಯ, ಬೆಂಕಿಪೆಟ್ಟಿಗೆ, ಉಪ್ಪು ಎಲ್ಲ ಅಲ್ಲೇ ಅಲ್ಲವಾ ಒಣಗಿರುವುದು." ಮಾತು ನಿಜ. ಆದರೆ ಹೊಗೆ ಮತ್ತು ಮಸಿ ಲೆನ್ಸಿಗೆ ತೇವಕ್ಕಿಂತ ಕೆಟ್ಟವು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನೂ ಕೈಬಿಟ್ಟೆ. ಅಕ್ಕಿಯ ಹಿಟ್ಟು ಜೂಮ್ ಉಂಗುರದ ಸಂದಿನಲ್ಲಿ ಸೇರಿದರೆ ಹೊರತೆಗೆಯುವುದು ಕಷ್ಟ.

ಜುಲೈ 12, ಪುನರ್ವಸು

ರಬ್ಬರಿನ ಬಿಗಿಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ನೀಲಿ ಸಿಲಿಕಾ ಜೆಲ್ ಹಾಕಿ, ಜೊತೆಗೆ ಒಂದು ಚಿಕ್ಕ ತೇವಾಂಶಮಾಪಕವನ್ನಿಟ್ಟು ಕ್ಯಾಮೆರಾವನ್ನು ಏಳು ದಿನ ಅದರೊಳಗಿಟ್ಟೆ. ಕೋಣೆಯಲ್ಲಿ ಮಾಪಕ 88 ತೋರಿಸುತ್ತಿತ್ತು. ಡಬ್ಬಿಯೊಳಗೆ ಎರಡನೆಯ ದಿನಕ್ಕೆ 42ಕ್ಕೆ ಇಳಿಯಿತು. ಲೆನ್ಸಿಗೆ ಶೇಕಡ 40ರಿಂದ 50ರ ನಡುವಿನ ತೇವಾಂಶ ಒಳ್ಳೆಯದು. ತೀರ ಒಣಗಿದರೆ ಒಳಗಿನ ಜಿಡ್ಡು ಮತ್ತು ರಬ್ಬರಿಗೆ ತೊಂದರೆ, 60 ದಾಟಿ ಬಹುಕಾಲ ಇದ್ದರೆ ಗಾಜಿನ ಮೇಲೆ ಬೂಸಲು. ಜೆಲ್ ತೇವ ಹೀರಿ ಗುಲಾಬಿಯಾದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ. ಆ ನೀಲಿಗೆ ಕೋಬಾಲ್ಟ್ ಕ್ಲೋರೈಡ್ ಕಾರಣವಾದ್ದರಿಂದ ಆ ಬಾಣಲೆಯನ್ನು ಮತ್ತೆ ಒಗ್ಗರಣೆಗೆ ತರಬಾರದು.

ಏಳು ದಿನದ ಮೇಲೆ ಹೊರತೆಗೆದು ಹೊಳೆಗೆ ಹೋದೆ. ಆ ಬೆಳಿಗ್ಗೆ ತೊಂದರೆಯಿಲ್ಲ, ಗೆದ್ದೆನೆಂದುಕೊಂಡೆ. ಮರುದಿನ ಬಿಸಿಲು ಬಂದಿತು, ಮೂರನೆಯ ಚಿತ್ರಕ್ಕೇ ಸೂಚನೆಯೂ ಬಂದಿತು.

ಜುಲೈ 15

ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆ. ಟಾರ್ಚ್ ಹಿಡಿದು ಅರೆನಿಮಿಷ ನೋಡಿ, "ಒಳಗೆ ಫಂಗಸ್ ಇದೆ ಸಾರ್, ಬಿಚ್ಚಿ ಕ್ಲೀನ್ ಮಾಡಬೇಕು" ಎಂದರು. ದುಡ್ಡು ಕೊಟ್ಟೆ, ಎರಡು ದಿನ ಬಿಟ್ಟು ತಂದೆ. ಎರಡು ದಿನ ಚೆನ್ನಾಗಿ ನಡೆಯಿತು, ಮೂರನೆಯ ದಿನ ಹಳೆಯ ಹಾಡು. ಒಳಗೆ ಬೂಸಲಿನ ಎಳೆ ಇದ್ದದ್ದೇ ಆದರೂ ಅದು ಚಿತ್ರವನ್ನು ಮಬ್ಬು ಮಾಡೀತೇ ಹೊರತು ವಿದ್ಯುತ್ ಸಂಪರ್ಕವನ್ನು ಕಡಿಯದು ಎಂದು ಅಂಗಡಿಯಲ್ಲಿ ನಿಂತಾಗ ಯೋಚಿಸಬೇಕಿತ್ತು.

ಅಂದು ರಾತ್ರಿ ಪುಸ್ತಕ ತಿರುವಿದಾಗ ಒಂದು ಸಂಗತಿ ಕಂಡಿತು. ಒಣಬಟ್ಟೆ, ಸಿಲಿಕಾ ಜೆಲ್, ಅಂಗಡಿಯ ಶುಚಿ, ಈ ಮೂರೂ ಒಂದೆರಡು ದಿನ ಫಲಿಸಿದ್ದವು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಮದ್ದುಗಳು ಒಂದೇ ಬಗೆಯಲ್ಲಿ ಅರೆಬರೆ ಫಲಿಸಿದ್ದರೆ, ಫಲಿಸಿದ್ದು ಮದ್ದಲ್ಲ, ಮದ್ದು ಹಾಕುವಾಗ ನಾನು ಮಾಡುತ್ತಿದ್ದ ಬೇರೇನೋ ಇರಬೇಕು. ಮೂರರಲ್ಲೂ ಸಮಾನವಾಗಿದ್ದದ್ದು ಲೆನ್ಸನ್ನು ಬಿಚ್ಚಿ, ತಿರುಗಿಸಿ, ಮತ್ತೆ ಹಾಕಿದ್ದು.

ಜುಲೈ 21ರಿಂದ 25, ಪುಷ್ಯ

ಇನ್ನು ಊಹೆ ಬೇಡವೆಂದು ಮನೆಯೊಳಗೇ ಪರೀಕ್ಷೆಗೆ ಕೂತೆ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಪ್ರತಿ ಬಾರಿಯೂ ಇಪ್ಪತ್ತು ಚಿತ್ರ ತೆಗೆಯುವುದು, ಫಲಿತಾಂಶ ಏನೇ ಇರಲಿ ಬರೆಯುವುದು, ಇಷ್ಟೇ ನಿಯಮ.

ಮೊದಲು ಬ್ಯಾಟರಿ. ಎರಡು ಲಿಥಿಯಂ ಕೋಶಗಳ ಈ ಬ್ಯಾಟರಿ ಪೂರ್ತಿ ತುಂಬಿದಾಗ 8.4 ವೋಲ್ಟ್ ಇರಬೇಕು, ಮಲ್ಟಿಮೀಟರ್ 8.3 ತೋರಿಸಿತು. ಬೇರೆ ಬ್ಯಾಟರಿ ಹಾಕಿದರೂ ದೋಷ ಬಂದಿತು. ಮೆಮೊರಿ ಕಾರ್ಡ್ ಬದಲಿಸಿದೆ, ವ್ಯತ್ಯಾಸವಿಲ್ಲ. ಕಾಂಟ್ಯಾಕ್ಟುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ನೂಲುಬಿಡದ ಬಟ್ಟೆಯಿಂದ ಒರೆಸಿದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಬೇಕೆಂದು ಹೇಳುವವರಿದ್ದಾರೆ. ಬಿಂದುಗಳ ಮೇಲಿರುವ ಚಿನ್ನದ ಲೇಪ ಬಹಳ ತೆಳುವಾದ್ದರಿಂದಲೂ ರಬ್ಬರಿನ ಪುಡಿ ಕ್ಯಾಮೆರಾದೊಳಕ್ಕೆ ಉದುರುವುದರಿಂದಲೂ ಅದು ನನಗೆ ಒಪ್ಪಿಗೆಯಾಗಲಿಲ್ಲ.

ಆಮೇಲೆ ಲೆನ್ಸ್ ಬದಲಿಸಿದೆ. ನನ್ನ ಹಳೆಯ 50 ಮಿಲಿಮೀಟರ್ ಲೆನ್ಸಿನಲ್ಲಿ ಇನ್ನೂರು ಚಿತ್ರ ತೆಗೆದರೂ ಒಂದು ಸಲವೂ ಕೈಕೊಡಲಿಲ್ಲ. ಸಹೋದ್ಯೋಗಿಯೊಬ್ಬರ ಕ್ಯಾಮೆರಾಕ್ಕೆ ನನ್ನ ಜೂಮ್ ಲೆನ್ಸ್ ಹಾಕಿದರೆ ಏಳನೆಯ ಚಿತ್ರಕ್ಕೇ ಅದೇ ಸೂಚನೆ. ಕ್ಯಾಮೆರಾ ನಿರ್ದೋಷಿ, ತಪ್ಪು ಲೆನ್ಸಿನದು. ಇಷ್ಟು ಸುಲಭದ ಪರೀಕ್ಷೆಯನ್ನು ಮೊದಲ ದಿನವೇ ಮಾಡದೆ ಒಂದು ತಿಂಗಳು ಸಿಲಿಕಾ ಜೆಲ್ ಹುರಿಯುತ್ತ ಕೂತಿದ್ದೆ.

ಕೊನೆಗೆ ಲೆನ್ಸಿನೊಳಗೆ ಯಾವುದು ಎಂಬ ಪ್ರಶ್ನೆ. ಜೂಮ್ ಉಂಗುರದ ಮೇಲಿರುವ 24, 35, 50, 70, 105 ಎಂಬ ಐದು ಗುರುತುಗಳಲ್ಲೂ (24ರಲ್ಲಿ ನೋಟ ಎಲ್ಲಕ್ಕಿಂತ ಅಗಲ, 105ರಲ್ಲಿ ಎಲ್ಲಕ್ಕಿಂತ ಹತ್ತಿರ) ಅಪರ್ಚರನ್ನು, ಎಂದರೆ ಬೆಳಕು ಒಳಬರುವ ಕಂಡಿಯನ್ನು, ಎಫ್4, ಎಫ್5.6, ಎಫ್8, ಎಫ್11 ಎಂದು ಹಂತಹಂತವಾಗಿ ಕಿರಿದುಮಾಡುತ್ತ, ಒಂದೊಂದರಲ್ಲೂ ಇಪ್ಪತ್ತರಂತೆ ನಾನೂರು ಚಿತ್ರ ತೆಗೆದೆ. ಎಫ್4ರಲ್ಲಿ ಯಾವ ಗುರುತಿನಲ್ಲೂ ದೋಷವಿಲ್ಲ. 24ರಲ್ಲಿ ಎಫ್8ಕ್ಕೆ ಹದಿಮೂರು ಸಲ, ಎಫ್11ಕ್ಕೆ ಹದಿನಾರು ಸಲ. 35ರಲ್ಲಿ ನಾಲ್ಕೈದು ಸಲ. 50 ದಾಟಿದ ಮೇಲೆ ಒಂದೂ ಇಲ್ಲ.

ಆ ಕೋಷ್ಟಕವನ್ನು ನೋಡುತ್ತಿದ್ದ ಹಾಗೆ ಬಿಸಿಲಿನ ಒಗಟು ಬಿಡಿಸಿಕೊಂಡಿತು. ಮಳೆ ಹೊಯ್ಯುವಾಗ ಬೆಳಕು ಕಡಿಮೆಯಾದ್ದರಿಂದ ನಾನು ಅಪರ್ಚರನ್ನು ಪೂರ್ತಿ ತೆರೆದು, ಎಫ್4ರಲ್ಲೇ ತೆಗೆಯುತ್ತಿದ್ದೆ. ಹೊಳವಾದೊಡನೆ ಎಫ್8ಕ್ಕೆ ಇಳಿಸುತ್ತಿದ್ದೆ. ಈ ಬಗೆಯ ಲೆನ್ಸಿನಲ್ಲಿ, ನೋಟ ಹಿಡಿಯುವಾಗಲೂ ಫೋಕಸ್ ಮಾಡುವಾಗಲೂ ಅಪರ್ಚರ್ ತೆರೆದೇ ಇರುತ್ತದೆ. ಶಟರ್ ಒತ್ತಿದ ಕ್ಷಣದಲ್ಲಿ ಒಂದು ಪುಟ್ಟ ಮೋಟಾರು ಅದರ ಎಸಳುಗಳನ್ನು ನಾವು ಕೇಳಿದಷ್ಟು ಮುಚ್ಚಿ, ಚಿತ್ರ ಮುಗಿದೊಡನೆ ಮತ್ತೆ ತೆರೆಯುತ್ತದೆ. ಎಫ್4 ಈ ಲೆನ್ಸಿನ ಪೂರ್ತಿ ತೆರೆದ ಸ್ಥಿತಿಯಾದ್ದರಿಂದ ಅಲ್ಲಿ ಮೋಟಾರಿಗೆ ಕೆಲಸವೇ ಇಲ್ಲ, ಕೆಲಸವಿಲ್ಲದ ಮೋಟಾರು ಕೈಕೊಡುವುದೂ ಇಲ್ಲ. ಮಳೆಗೂ ಬಿಸಿಲಿಗೂ ಇದರಲ್ಲಿ ಇದ್ದ ಪಾತ್ರ, ನನ್ನ ಬೆರಳನ್ನು ಎಫ್4ರಿಂದ ಎಫ್8ಕ್ಕೆ ತಿರುಗಿಸಿದ್ದು ಮಾತ್ರ.

ಜುಲೈ 26

ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ. ಚಿತ್ರ ತೆಗೆಯದೆಯೇ ಎಸಳುಗಳನ್ನು ಮುಚ್ಚಿ ತೋರಿಸುವ ಗುಂಡಿಯೊಂದು ಕ್ಯಾಮೆರಾದ ಮುಂಭಾಗದಲ್ಲಿದೆ. ಎಷ್ಟು ಆಳದವರೆಗೆ ಚಿತ್ರ ಸ್ಫುಟವಾಗಿರುತ್ತದೆಂದು ಮೊದಲೇ ನೋಡಿಕೊಳ್ಳುವುದಕ್ಕಾಗಿ ಇರುವಂಥದ್ದು. ಎಫ್11 ಇಟ್ಟು, 105ರಲ್ಲಿ ಅದನ್ನು ಒತ್ತಿ ಮುಂದಿನಿಂದ ನೋಡಿದರೆ ಎಸಳುಗಳು ಟಿಕ್ ಎಂದು ಮುಚ್ಚಿ ತೆರೆದವು. 24ಕ್ಕೆ ತಂದು ಒತ್ತಿದರೆ ಎಸಳುಗಳು ಒಮ್ಮೆ ನಡುಗಿ ಅರ್ಧದಲ್ಲೇ ನಿಂತವು, ಪರದೆಯ ಮೇಲೆ ಸೂಚನೆ ಬಂದಿತು. ಎಸಳುಗಳ ಮೇಲೆ ಎಣ್ಣೆ ಹರಡಿದ್ದರೂ ಹೀಗೆ ಅಂಟಿಕೊಳ್ಳುವುದುಂಟು; ಆದರೆ ಅವು ಒಣಗಿ ಶುಭ್ರವಾಗಿದ್ದವು. ಅಲ್ಲದೆ ಎಣ್ಣೆಗೆ 24 ಯಾವುದು 105 ಯಾವುದು ಎಂಬ ಭೇದವಿಲ್ಲ.

ಜೂಮ್ ಸ್ಥಾನವನ್ನು ಅವಲಂಬಿಸಿ ಕೆಡುವ ವಿದ್ಯುತ್ ಸಂಪರ್ಕವೆಂದರೆ ಉಂಗುರ ತಿರುಗಿಸಿದಾಗಲೆಲ್ಲ ಮಡಚಿ ಬಿಚ್ಚಿಕೊಳ್ಳುವ ತಂತಿಯೇ ಆಗಿರಬೇಕು. ಇಲ್ಲಿ ಅಪರ್ಚರಿನ ಮೋಟಾರು ಗಾಜುಗಳ ಗುಂಪಿನ ಜೊತೆಗೇ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಅದಕ್ಕೆ ವಿದ್ಯುತ್ ಒಯ್ಯುವುದು ಕಾಗದದಷ್ಟು ತೆಳ್ಳಗಿನ ಫ್ಲೆಕ್ಸ್ ಪಟ್ಟಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಮಡಚಿದರೆ ಪಟ್ಟಿಯ ಮೇಲಿನ ತಾಮ್ರದ ಗೆರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಒಂದು ಮಡಿಕೆಯಲ್ಲಿ ಬಿರುಕಿನ ಅಂಚುಗಳು ಕೂಡಿಕೊಳ್ಳುತ್ತವೆ, ಇನ್ನೊಂದರಲ್ಲಿ ಬೇರ್ಪಡುತ್ತವೆ. ಮಂಟಪದ ಚಿತ್ರಗಳನ್ನೆಲ್ಲ ನಾನು ಹೊಳೆಯ ಅಗಲ ಸಿಗಲೆಂದು 24ರಲ್ಲೇ ತೆಗೆಯುತ್ತಿದ್ದೆ. ಕಾಂಟ್ಯಾಕ್ಟುಗಳನ್ನು ಒರೆಸಿ ಎಂದು ಕ್ಯಾಮೆರಾ ಹೇಳುತ್ತಿದ್ದದ್ದರಲ್ಲಿ ಮೋಸವೇನೂ ಇರಲಿಲ್ಲ. ಲೆನ್ಸಿನಿಂದ ಬರಬೇಕಾದ ಉತ್ತರ ಬರಲಿಲ್ಲವೆಂಬುದಷ್ಟೇ ಅದಕ್ಕೆ ಗೊತ್ತು, ಉತ್ತರ ಎಲ್ಲಿ ಸಿಕ್ಕಿಕೊಂಡಿತೆಂಬುದು ಗೊತ್ತಿಲ್ಲ.

ಆಗಸ್ಟ್ 9, ಆಶ್ಲೇಷ

ಬಿಡಿಭಾಗ ಬರುವವರೆಗೆ ಕೆಲಸ ನಿಲ್ಲಿಸಲಿಲ್ಲ. ಎಫ್4ರಲ್ಲೇ ತೆಗೆಯುವುದು, ಬೆಳಕು ಹೆಚ್ಚಾದರೆ ಶಟರಿನ ವೇಗ ಏರಿಸುವುದು. ಹೊಳೆಯ ನೀರು ಹೆಪ್ಪುಗಟ್ಟಿದಂತೆ ಕಾಣುವುದೊಂದನ್ನು ಬಿಟ್ಟರೆ ದೂರದ ದೃಶ್ಯಕ್ಕೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಮಂಟಪ ಪೂರ್ತಿ ಮುಳುಗಿದ ದಿನದ ಚಿತ್ರವೂ ಹೀಗೆಯೇ ಬಂದದ್ದು.

ಆಗಸ್ಟ್ 23, ಮಘ

ಪಟ್ಟಿ ಸಮೇತ ಅಪರ್ಚರಿನ ಭಾಗ ಬಂದಿತು. ಬೆಸುಗೆಯ ಕೆಲಸಕ್ಕೆ ಮೊಬೈಲ್ ರಿಪೇರಿ ಮಾಡುವ ಪರಿಚಯದ ಹುಡುಗನನ್ನು ಭಾನುವಾರ ಮನೆಗೆ ಕರೆದಿದ್ದೆ. ಅವನ ಸೂಕ್ಷ್ಮದರ್ಶಕವೂ ಸಣ್ಣ ಮೊನೆಯ ಬೆಸುಗೆ ಕಡ್ಡಿಯೂ ನನ್ನಲ್ಲಿಲ್ಲ, ಅವನ ಕೈಯ ಸ್ಥಿರತೆಯಂತೂ ಇಲ್ಲವೇ ಇಲ್ಲ. ಬಿಚ್ಚುವ ಕೆಲಸ ನನ್ನದು. ಜಪಾನೀ ಲೆನ್ಸುಗಳ ಸ್ಕ್ರೂಗಳು ನೋಡಲು ಸಾಮಾನ್ಯ ಪ್ಲಸ್ ತಲೆಯವೇ ಆದರೂ ಅವುಗಳ ತೋಡಿನ ಆಕಾರ ತುಸು ಬೇರೆ. ಮಾಮೂಲಿ ಸ್ಕ್ರೂಡ್ರೈವರ್ ಹಾಕಿ ಬಲ ಬಿಟ್ಟರೆ ತಲೆ ಸವೆದುಹೋಗುತ್ತದೆ. ಸರಿಯಾದ ಮೊನೆಯನ್ನು ತರಿಸಿಟ್ಟುಕೊಂಡಿದ್ದೆ. ಬಿಚ್ಚಿದ ಸ್ಕ್ರೂಗಳನ್ನು ಕ್ರಮವಾಗಿ ಪಡ್ಡಿನ ಹೆಂಚಿನ ಗುಳಿಗಳಲ್ಲಿ ಹಾಕುತ್ತ ಬಂದೆ. ಮನೆಯಾಕೆ ಒಪ್ಪಿಕೊಂಡ ಷರತ್ತು, ಹೆಂಚನ್ನು ಮೂರು ಸಲ ತೊಳೆದುಕೊಡಬೇಕೆಂಬುದು.

ಹಳೆಯ ಪಟ್ಟಿಯ ಎರಡು ತುದಿಗೆ ಮಲ್ಟಿಮೀಟರಿನ ಕಡ್ಡಿಗಳನ್ನು ಹಿಡಿದು ಪಟ್ಟಿಯನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿದೆವು. ನೇರವಿದ್ದಾಗ ಬೀಪ್ ಸದ್ದು ಬಂದಿತು. ಬಾಗಿಸಿದಾಗ ನಾಲ್ಕರಲ್ಲಿ ಒಂದು ಗೆರೆ ಮೌನವಾಯಿತು. ಮತ್ತೆ ನೇರ ಮಾಡಿದರೆ ಸದ್ದು. ಸೂಕ್ಷ್ಮದರ್ಶಕದಲ್ಲಿ ಆ ಬಿರುಕು ಒಣಗಿದ ಗದ್ದೆಯ ಸೀಳಿನ ಹಾಗೆ ಕಂಡಿತು. "ಇಷ್ಟಕ್ಕೇ ಸಾರ್ ಎರಡು ತಿಂಗಳು?" ಎಂದು ಹುಡುಗ ಕೇಳಿದ. ಅವನಿಗೆ ಇನ್ನೊಂದು ಲೋಟ ಕಾಫಿ ಕೊಟ್ಟೆ.

ಆಗಸ್ಟ್ 24

ಜೋಡಿಸಿ, ನಾನೂರು ಚಿತ್ರಗಳ ಪರೀಕ್ಷೆಯನ್ನು ಅದೇ ಕ್ರಮದಲ್ಲಿ ಮತ್ತೆ ಮಾಡಿದೆ. ಒಂದು ದೋಷವೂ ಇಲ್ಲ.

ಸೆಪ್ಟೆಂಬರ್ 30, ಹಸ್ತ

ತಿಂಗಳ ಮೇಲಾಯಿತು, ಬಿಸಿಲಿನಲ್ಲೂ 24ರಲ್ಲೂ ಎಫ್8ರಲ್ಲೂ ಸೂಚನೆ ಬಂದಿಲ್ಲ. ಹೊಳೆ ಇಳಿದು ಮಂಟಪದ ಕಂಬಗಳ ಮೇಲೆ ಕೆಸರಿನ ಗುರುತು ಕಾಣುತ್ತಿದೆ. ಆದರೆ ಇಂದಿನ ಚಿತ್ರವನ್ನು ಜೂನ್ ತಿಂಗಳ ಚಿತ್ರದ ಪಕ್ಕದಲ್ಲಿಟ್ಟು ಹಿಗ್ಗಿಸಿ ನೋಡಿದಾಗ ಎಡಮೂಲೆ ತುಸು ಮಬ್ಬಾಗಿದೆ. ಲೆನ್ಸ್ ಬಿಚ್ಚುವಾಗ ಗಾಜಿನ ಗುಂಪಿನ ಕೆಳಗೆ ಕೂದಲಿನಷ್ಟು ತೆಳುವಾದ ಮೂರು ಲೋಹದ ಉಂಗುರಗಳಿದ್ದವು. ಗಾಜು ವಾಲದಂತೆ ತಯಾರಕರು ಅಳೆದು ಹಾಕಿರುವಂಥವು. ಅವುಗಳಲ್ಲಿ ಎರಡನ್ನು ಅದಲುಬದಲು ಮಾಡಿರಬಹುದೆಂಬ ಅನುಮಾನ ನನಗಿದೆ, ಏಕೆಂದರೆ ಆ ಹಂತದ ಮೊಬೈಲ್ ಚಿತ್ರದಲ್ಲಿ ನನ್ನ ಹೆಬ್ಬೆರಳು ಅಡ್ಡ ಬಂದಿದೆ. ಗೋಡೆಗೆ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಅಂಟಿಸಿದ್ದೇನೆ. ನಾಳೆ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನೇರಕ್ಕೆ ನಿಲ್ಲಿಸಿ, ನಾಲ್ಕೂ ಮೂಲೆಯ ಅಕ್ಷರಗಳನ್ನು ಎಫ್4ರಲ್ಲಿ ತೆಗೆದು ಹೋಲಿಸಿ ನೋಡಬೇಕು. ಪಡ್ಡಿನ ಹೆಂಚನ್ನು ಮತ್ತೆ ಕೇಳಬೇಕಾದೀತೆಂದು ಮನೆಯಲ್ಲಿ ಇನ್ನೂ ಹೇಳಿಲ್ಲ.